ಬೀಳುವಾಗ ಸೊನ್ನೆ

ಪುತ್ತೂರಿನ ತರಬೇತಿ ಹಾಲಿನಲ್ಲಿ ನಲವತ್ತೆರಡು ಮಂದಿ ವಿಜ್ಞಾನ ಶಿಕ್ಷಕರು ಒಂದೇ ಬಾಯಲ್ಲಿ ತಪ್ಪು ಉತ್ತರ ಹೇಳಿದರು. ಅವರಲ್ಲಿ ಎಲ್ಲರಿಗಿಂತ ದೊಡ್ಡ ದನಿ ಮಹೇಶ್ವರ ಮಾಸ್ಟ್ರದ್ದಾಗಿತ್ತು.

ಪ್ರಶ್ನೆ ಕೇಳಿದ್ದು ಚಿನ್ಮಯೀ ಎಂಬ ಸಣ್ಣ ಪ್ರಾಯದ ಉಪನ್ಯಾಸಕಿ. ಮೇ ತಿಂಗಳ ಸೆಕೆಯಲ್ಲಿ, ಫ್ಯಾನಿನ ಕೆಳಗಿನ ಕುರ್ಚಿಗಾಗಿ ಬೆಳಿಗ್ಗೆಯೇ ಪೈಪೋಟಿ ನಡೆಸಿ ಕೂತಿದ್ದ ಹಿರಿತಲೆಗಳ ಎದುರು ಆಕೆ ಒಂದು ಟ್ಯಾಬ್ ಎತ್ತಿ ಹಿಡಿದು, "ಇದರ ಒಳಗೆ ತ್ವರಣ ಅಳೆಯುವ ಸೆನ್ಸರ್ ಉಂಟು. ನಾನು ಇದನ್ನು ಕೈಬಿಟ್ಟರೆ, ಬೀಳುವಷ್ಟು ಹೊತ್ತು ಎಷ್ಟು ತೋರಿಸ್ತದೆ?" ಎಂದು ಕೇಳಿದರು. ಒಂಬತ್ತನೆಯ ತರಗತಿಯ ಪಾಠ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಹುದಾದ ಉತ್ತರ. "ಒಂಬತ್ತು ಪಾಯಿಂಟ್ ಎಂಟು!" ಎಂದು ಹಾಲಿಗೆ ಹಾಲೇ ಕೂಗಿತು.

ಆಕೆ ಸ್ಟೂಲು ಹತ್ತಿ, ಕೆಳಗೆ ಎರಡು ದಿಂಬು ಇಡಿಸಿ, ಟ್ಯಾಬನ್ನು ಕೈಬಿಟ್ಟರು. ಗೋಡೆಯ ಮೇಲಿನ ಪರದೆಯಲ್ಲಿ ಗ್ರಾಫ್ ಕಾಣುತ್ತಿತ್ತು. ಕೈಯಲ್ಲಿದ್ದಾಗ ಒಂಬತ್ತು ಪಾಯಿಂಟ್ ಎಂಟರಲ್ಲಿ ನೇರ ಹೋಗುತ್ತಿದ್ದ ಗೆರೆ, ಕೈಬಿಟ್ಟ ಕ್ಷಣ ದಡಕ್ಕನೆ ಕೆಳಗಿಳಿದು, ಸೊನ್ನೆಯ ಮೇಲೆ ಅಂಟಿಕೊಂಡು ಹೋಗಿ, ದಿಂಬಿಗೆ ತಾಗಿದಾಗ ಮಾತ್ರ ಎಗರಿ ಬಿತ್ತು.

ಹಾಲಿನಲ್ಲಿದ್ದ ಕತ್ತುಗಳೆಲ್ಲ ಪರದೆಯ ಕಡೆ ಚಾಚಿಕೊಂಡವು.

"ಪುಸ್ತಕವೂ ಸುಳ್ಳಲ್ಲ, ಟ್ಯಾಬೂ ಸುಳ್ಳಲ್ಲ," ಎಂದು ಆಕೆ ನಕ್ಕರು. "ಹೊರಗೆ ನಿಂತು ನೋಡುವ ನಮಗೆ ಇದರ ವೇಗ ಹೆಚ್ಚುತ್ತಾ ಹೋಗ್ತದೆ. ಅದು ಪುಸ್ತಕದ ಲೆಕ್ಕ. ಆದರೆ ಸೆನ್ಸರಿನ ಒಳಗೆ ಇರುವುದು ಸ್ಪ್ರಿಂಗಿಗೆ ಕಟ್ಟಿದ ಹಾಗಿರುವ ಒಂದು ಚಿಕ್ಕ ತುಣುಕು. ಆ ಸ್ಪ್ರಿಂಗ್ ಎಷ್ಟು ಜಗ್ಗಿದೆ ಅಂತ ಮಾತ್ರ ಅದಕ್ಕೆ ಗೊತ್ತು. ಮೇಜಿನ ಮೇಲಿದ್ದಾಗ ಭಾರಕ್ಕೆ ಜಗ್ಗಿರ್ತದೆ. ಬೀಳುವಾಗ ಪೆಟ್ಟಿಗೆ, ಸ್ಪ್ರಿಂಗು, ತುಣುಕು ಎಲ್ಲ ಒಟ್ಟಿಗೇ ಬೀಳ್ತವೆ. ಯಾರು ಯಾರನ್ನು ಜಗ್ಗುದು? ಬೀಳುವವನಿಗೆ ತನ್ನ ಭಾರವೇ ಗೊತ್ತಾಗುದಿಲ್ಲ."

"ಅಯ್ಯೋ ಮಾರಾಯ್ರೆ, ಇಷ್ಟು ವರ್ಷ ಮಕ್ಕಳಿಗೆ ಎಂತ ಹೇಳಿದ್ದು ನಾವು!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಮಹೇಶ್ವರ ಮಾಸ್ಟ್ರಿಗೆ ಮಾತ್ರ ನಗು ಬರಲಿಲ್ಲ. ಅಂಗಿಯ ಜೇಬಿನಲ್ಲಿದ್ದ ಕೆಂಪು ಪೆನ್ನು ಎದೆಗೆ ಚುಚ್ಚುತ್ತಿದೆ ಎಂದು ಅವರಿಗೆ ಅನ್ನಿಸಿತು. ಮಧ್ಯಾಹ್ನ ಪಾಯಸವಿತ್ತು. ಪಾಯಸ ಬಿಟ್ಟವರೆಂದು ಅವರ ಹೆಸರು ಅವರ ಊರಾದ ಬೆಟ್ಟಂಪಾಡಿಯಲ್ಲಿ ಈವರೆಗೆ ಎಲ್ಲೂ ಕೇಳಿಬಂದದ್ದಿಲ್ಲ. ಅವತ್ತು ಎಲೆ ಮಡಚಿ ಎದ್ದರು.

ಅವರಿಗೆ ನೆನಪಾದದ್ದು ಒಂದು ಹುಡುಗಿ ಮತ್ತು ಅವಳ ಅಜ್ಜ.

ಎರಡು ವರ್ಷದ ಹಿಂದೆ, ಜಾಲ್ಸೂರಿನಿಂದ ಒಳಗೆ ಇರುವ ಅವರ ಹೈಸ್ಕೂಲಿಗೆ ದಾನಿಗಳೊಬ್ಬರು ಐದು ಟ್ಯಾಬ್ ಕೊಟ್ಟಿದ್ದರು. ಮಾಸ್ಟ್ರು ಆ ಐದನ್ನು ನೋಡಿಕೊಂಡದ್ದು ಬಾಣಂತಿಯನ್ನು ನೋಡಿಕೊಂಡ ಹಾಗೆ. ಒಂದೊಂದಕ್ಕೂ ಒಂದೊಂದು ಬೈರಾಸು, ಅಂದರೆ ಹೆಗಲ ವಸ್ತ್ರ, ಸುತ್ತಿ, ಕಪಾಟಿನಲ್ಲಿಟ್ಟು, ಕೀಲಿಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದರು. ಹೆಡ್‌ಮಾಸ್ಟ್ರು ಕೇಳಿದರೂ ಕೊಡುವ ಜನ ಅಲ್ಲ.

ಆದರೆ ತರಗತಿಯಲ್ಲಿ ಅವು ಹೊರಬಂದಾಗ ಮಾಸ್ಟ್ರೇ ಹುಡುಗರಿಗಿಂತ ಹುಡುಗರಾಗುತ್ತಿದ್ದರು. ಶಾಲೆಯ ಗಂಟೆಯ ಶಬ್ದ ಹತ್ತು ಹೆಜ್ಜೆ ದೂರದಲ್ಲಿ ಎಷ್ಟು, ಇಪ್ಪತ್ತು ಹೆಜ್ಜೆಯಲ್ಲಿ ಎಷ್ಟು ಎಂದು ಮಕ್ಕಳು ಅಂಗಳದಲ್ಲಿ ಓಡಾಡಿ ಅಳೆದರು. ಒಂದು ಬಾಳೆ ಎಲೆಯ ಮೂಲಕ ಎಷ್ಟು ಬೆಳಕು ಬರುತ್ತದೆ, ಎರಡು ಎಲೆಯ ಮೂಲಕ ಎಷ್ಟು ಎಂದು ನೋಡಿದರು. ಕಾಂತ ಪತ್ತೆ ಮಾಡುವ ಸೆನ್ಸರ್ ಹಿಡಿದು ಬೆಂಚಿನೊಳಗಿನ ಮೊಳೆ ಹುಡುಕಿದರು. ಇಪ್ಪತ್ತೇಳು ವರ್ಷ ಬೋರ್ಡಿನ ಮೇಲೆ ಸುಣ್ಣದ ಕಡ್ಡಿಯಿಂದ ಗೀಚಿದ್ದ ಪಾಠ ಮಕ್ಕಳ ಅಂಗೈಯಲ್ಲಿ ಕುಣಿಯುವುದನ್ನು ಕಂಡು ಮಾಸ್ಟ್ರಿಗೆ ನಿಜವಾಗಿಯೂ ಕಣ್ಣು ತುಂಬಿತ್ತು. ಇದನ್ನು ಹೇಳಲೇಬೇಕು, ಯಾಕೆಂದರೆ ಮುಂದಿನದನ್ನು ಕೇಳಿ ಅವರನ್ನು ಕೆಟ್ಟವರೆಂದು ತಿಳಿಯುವುದು ಸುಲಭ. ಅವರು ಕೆಟ್ಟವರಲ್ಲ. ಬೋರ್ಡಿನ ಮೇಲೆ ತಾನು ಬರೆದದ್ದು ಸರಿ ಎಂಬ ಅಭ್ಯಾಸ ಬಹಳ ವರ್ಷದಿಂದ ಅಂಟಿಕೊಂಡಿದ್ದವರು, ಅಷ್ಟೆ.

ಗುರುತ್ವದ ಪಾಠ ಬಂತು. ಮಾಸ್ಟ್ರು ಬೋರ್ಡಿನ ಮೇಲೆ ಎರಡು ಕಾಲಂ ಹಾಕಿದರು. ಒಂದಕ್ಕೆ 'ಮೇಜಿನ ಮೇಲೆ', ಇನ್ನೊಂದಕ್ಕೆ 'ಬೀಳುವಾಗ' ಎಂದು ತಲೆಬರಹ. ಟ್ಯಾಬುಗಳನ್ನು ಮೇಜಿನ ಮೇಲಿಟ್ಟರು. ಐದೂ ಒಂಬತ್ತು ಪಾಯಿಂಟ್ ಎಂಟು ತೋರಿಸಿದವು.

"ಸರ್," ಎಂದು ಎರಡನೇ ಬೆಂಚಿನಿಂದ ಯಶಸ್ವಿ ಎದ್ದಳು. ಪ್ರಶ್ನೆ ಇಲ್ಲದೆ ಒಂದು ಪೀರಿಯಡ್ ಮುಗಿಸಿದ ಹುಡುಗಿಯೇ ಅಲ್ಲ ಅವಳು. "ಟ್ಯಾಬ್ ಸುಮ್ಮನೆ ಕೂತಿದೆಯಲ್ಲ. ಮತ್ತೆ ಯಾಕೆ ಒಂಬತ್ತು ಪಾಯಿಂಟ್ ಎಂಟು ತೋರಿಸುದು?"

ಮಾಸ್ಟ್ರಿಗೂ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಒಂದು ಶಬ್ದ ಸಾಕಿತ್ತು. "ಕಂಪೆನಿಯವರು ಸೊನ್ನೆ ಸರಿ ಹೊಂದಿಸಿಲ್ಲ. ತಕ್ಕಡಿಯಲ್ಲೂ ಹಾಗೆ ಆಗ್ತದಲ್ವಾ? ನೀವು ಅದನ್ನು ಸೊನ್ನೆ ಅಂತ ಬರ್ಕೊಳ್ಳಿ," ಎಂದರು.

"ಐದರಲ್ಲೂ ಹಾಗೇ ಉಂಟು ಸರ್."

"ಐದೂ ಒಂದೇ ಕಂಪೆನಿದು."

ಮಕ್ಕಳು ನಕ್ಕರು. ಯಶಸ್ವಿಯೂ ನಕ್ಕಳು. ಮಾಸ್ಟ್ರು ಎರಡನೇ ಕಾಲಮ್ಮಿನಲ್ಲಿ ತಾವೇ 9.8 ಎಂದು ಬರೆದರು. "ಬೀಳಿಸಿ ನೋಡುವ ಮಂಗಾಟ ಯಾರೂ ಮಾಡ್ಬಾರ್ದು. ಒಡೆದ್ರೆ ಇನ್ನೊಂದು ಬರುದಿಲ್ಲ. ಬೀಳುವಾಗ ಎಷ್ಟು ಅಂತ ಪುಸ್ತಕದಲ್ಲೇ ಉಂಟು." ಹೀಗೆ ಮೂವತ್ತೊಂದು ಮಕ್ಕಳು, ಯಾರೂ ಮಾಡದ ಪ್ರಯೋಗದ ರೀಡಿಂಗನ್ನು ಸ್ಕೇಲಿಟ್ಟು ಗೆರೆ ಎಳೆದು ಚಂದದಲ್ಲಿ ಬರೆದುಕೊಂಡರು.

ಮೂವತ್ತೆರಡನೆಯವಳು ಬರೆದುಕೊಳ್ಳಲಿಲ್ಲ.

ಶನಿವಾರ ಒಬ್ಬೊಬ್ಬರಿಗೆ ಒಂದು ಟ್ಯಾಬ್ ಮನೆಗೆ ಕೊಡುವ ಕ್ರಮವಿತ್ತು, ಮನೆಯವರ ಸಹಿ ತೆಗೆದುಕೊಂಡು. ಬೆಳಕು, ಶಬ್ದ ಏನಾದರೂ ಅಳೆದು ಸೋಮವಾರ ತರಬೇಕು. ಆ ವಾರ ಯಶಸ್ವಿಯ ಸರದಿ. ಅವಳ ಅಜ್ಜ ಕುಕ್ಕಪ್ಪ ಗೌಡರು ಪ್ರಾಯದಲ್ಲಿ ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು, ಇವತ್ತಿಗೂ ಒಂದು ಬದಿಗೆ ವಾಲಿ ನಡೆಯುವವರು. ಆ ಬಿದ್ದ ಕತೆ ಮನೆಯಲ್ಲಿ ದಿನಕ್ಕೊಮ್ಮೆ ಆಗಬೇಕು. ಕತೆಯಲ್ಲಿ ಯಾವಾಗಲೂ ಒಂದು ಮಾತು ಬರುತ್ತಿತ್ತು: ಹೆಗಲ ಮೇಲೆ ಅಡಿಕೆ ತುಂಬಿದ ಕೊನೆ ಇತ್ತು, ಮರ ಮುರಿದ ಮೇಲೆ ಅದರ ಭಾರವೇ ಇಲ್ಲ, ನನ್ನ ಮೈಯ ಭಾರವೂ ಇಲ್ಲ, ನಾನು ಬಿದ್ದದ್ದಲ್ಲ, ನೆಲವೇ ಮೇಲೆ ಬಂದು ನನಗೆ ಹೊಡೆದದ್ದು. ಅದನ್ನು ಕೇಳಿ ಕೇಳಿ ಬೆಳೆದ ಹುಡುಗಿಗೆ ಮಾಸ್ಟ್ರ ಎರಡು ಕಾಲಂ ಅರಗಲಿಲ್ಲ.

ಭಾನುವಾರ ಅವಳು ಟ್ಯಾಬನ್ನು ಬೈರಾಸಿನಲ್ಲಿ ಸುತ್ತಿ ಮನೆಯ ತಾರಸಿ ಹತ್ತಿದಳು. ಕೆಳಗೆ ಅಂಗಳದಲ್ಲಿ ಅಮ್ಮ ಕಮಲಾವತಿ ಮತ್ತು ಅಜ್ಜ ಕಂಬಳಿಯ ನಾಲ್ಕು ಮೂಲೆ ಹಿಡಿದು ನಿಂತರು. ಕೊನೆ ಕೊಯ್ಯುವಾಗ ಅಡಿಕೆ ನೆಲಕ್ಕೆ ಸಿಡಿಯದಂತೆ ಗೋಣಿ ಹಿಡಿದು ಪಳಗಿದ ಕೈಗಳು. ಅಂಥ ಕೈಯಿಂದ ಒಂದು ಟ್ಯಾಬ್ ತಪ್ಪುವುದುಂಟೆ? ನಾಲ್ಕು ಸಲ ಹಾಕಿದಳು. ನಾಲ್ಕು ಸಲವೂ ಕಂಬಳಿಗೆ ಬಿತ್ತು. ನಾಲ್ಕು ಸಲವೂ ಸೊನ್ನೆ ಬಂತು.

ಸೋಮವಾರ ರೆಕಾರ್ಡ್ ಪುಸ್ತಕ ಮಾಸ್ಟ್ರ ಮೇಜಿಗೆ ಬಂತು. 'ಮೇಜಿನ ಮೇಲೆ: 9.8. ಬೀಳುವಾಗ: ಸೊನ್ನೆ.' ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬಿಡಿಸಿದ ಗ್ರಾಫ್. ಕೆಳಗೆ ತೀರ್ಮಾನ: 'ಬೀಳುವ ವಸ್ತುವಿಗೆ ತನ್ನ ಭಾರ ಗೊತ್ತಾಗುವುದಿಲ್ಲ. ಮರದಿಂದ ಬಿದ್ದ ನನ್ನ ಅಜ್ಜನೂ ಹೀಗೇ ಹೇಳುತ್ತಾರೆ.'

ಮಾಸ್ಟ್ರಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲಿ ವಿಷ ಇರಲಿಲ್ಲ. ಆದರೆ ಅವರು ಪುಸ್ತಕ ಎತ್ತಿ ಆ ವಾಕ್ಯವನ್ನು ಇಡೀ ತರಗತಿಗೆ ಓದಿದರು, ಯಕ್ಷಗಾನದ ಹಾಸ್ಯಗಾರನ ದನಿಯಲ್ಲಿ. ತರಗತಿ ಬಿದ್ದು ಬಿದ್ದು ನಕ್ಕಿತು. "ಕಾಲಂ ಅದಲು ಬದಲು ಮಾಡಿದ್ದೀ ಮಾರಾಯ್ತಿ. ಅದಕ್ಕೆ ಮತ್ತೆ ಅಜ್ಜನ ಸಾಕ್ಷಿ ಬೇರೆ! ವಿಜ್ಞಾನಕ್ಕೆ ಅಜ್ಜನ ಸಾಕ್ಷಿ ನಡೆಯುದಿಲ್ಲ."

"ತಾರಸಿಯಿಂದ ಕಂಬಳಿಗೆ ನಾಲ್ಕು ಸಲ ಹಾಕಿದೆ, ಟ್ಯಾಬ್ ಹಾಗೇ ತೋರಿಸಿದ್ದು ಸರ್. ಒಮ್ಮೆ ನೀವೇ ಹಾಕಿ ನೋಡಿ."

ನಗು ಅಲ್ಲಿಗೆ ನಿಂತಿತು. ಹಾಕಿದ್ದಾಳೆ! ಬೈರಾಸು ಸುತ್ತಿ, ಜನಿವಾರಕ್ಕೆ ಕೀಲಿ ಕಟ್ಟಿ ಕಾಪಾಡಿದ ಟ್ಯಾಬನ್ನು ತಾರಸಿಯಿಂದ ಕೆಳಗೆ ಹಾಕಿದ್ದಾಳೆ, ಅದೂ ನಾಲ್ಕು ಸಲ. ಮಾಸ್ಟ್ರು ಕೆಂಪು ಪೆನ್ನು ತೆಗೆದು ಆ ಪುಟಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಹೊಡೆದರು. "ಬಿಸಾಡಿ ಬಿಸಾಡಿ ಅದರ ತಲೆ ಕೆಡಿಸಿದ್ದೀ. ಕೆಟ್ಟ ಟ್ಯಾಬ್ ಎಂತ ತೋರಿಸಿದ್ರೆ ಎಂತ?" ಆ ಟ್ಯಾಬಿಗೆ 'ಕೆಟ್ಟಿದೆ' ಎಂಬ ಚೀಟಿ ಅಂಟಿಸಿ ಕಪಾಟಿನ ಹಿಂಬದಿಗೆ ತಳ್ಳಿದರು. ಸುಳ್ಯದ ವಿಜ್ಞಾನ ಮೇಳಕ್ಕೆ ಹೋಗಬೇಕಾಗಿದ್ದವಳು ಯಶಸ್ವಿ. ಅವಳ ಬದಲು ಥರ್ಮೋಕೋಲಿನ ಸೌರಮಂಡಲ ಮಾಡಿದ ಮೋಕ್ಷಿತ್ ಹೋದ. ತರಗತಿಯ ಮಕ್ಕಳು ಅವಳಿಗೆ 'ಅಜ್ಜ ಸಾಕ್ಷಿ' ಎಂದು ಹೆಸರಿಟ್ಟರು.

ಮಾರನೆಯ ದಿನ ಅವಳು ಹೊಸ ಪುಟ ಬರೆದು ತಂದಳು. ಮೇಜಿನ ಮೇಲೆ ಸೊನ್ನೆ, ಬೀಳುವಾಗ 9.8. ಅಜ್ಜ ಇರಲಿಲ್ಲ. ಮಾಸ್ಟ್ರು 'ಉತ್ತಮ' ಎಂದು ಬರೆದು, ಮನಸ್ಸು ಕರಗಿ, "ನಗಾಡಿದ್ದಕ್ಕೆ ಬೇಸರ ಮಾಡ್ಬೇಡ ಆಯ್ತಾ?" ಎಂದರು.

"ಪರವಾಗಿಲ್ಲ ಸರ್," ಎಂದಳು ಹುಡುಗಿ.

ಆಮೇಲೆ ಎರಡು ವರ್ಷ ಅವಳು ಒಂದು ಪ್ರಶ್ನೆ ಕೇಳಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಬರೆದಳು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ತೊಂಬತ್ತೈದು ಬಂತು. "ಶುರುವಿಗೆ ಸ್ವಲ್ಪ ತರ್ಲೆ ಇತ್ತು, ನಾನೇ ದಾರಿಗೆ ತಂದದ್ದು," ಎಂದು ಮಾಸ್ಟ್ರು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಆ ಮಾತು ಈಗ ಪುತ್ತೂರಿನ ಹಾಲಿನಲ್ಲಿ ನೆನಪಾಗಿ ಅವರ ಕಿವಿ ಬಿಸಿಯಾಯಿತು.

ಮರುದಿನವೇ ಶಾಲೆಗೆ ಹೋಗಿ ಕಪಾಟು ತೆರೆದರು. ಹಿಂಬದಿಯಲ್ಲಿ ಚೀಟಿ ಅಂಟಿದ ಟ್ಯಾಬ್ ಹಾಗೇ ಇತ್ತು. ಚಾರ್ಜಿಗಿಟ್ಟರೆ ಹದಿನೈದು ನಿಮಿಷದಲ್ಲಿ ಕಣ್ಣು ಬಿಟ್ಟಿತು. ಮೇಜಿನ ಮೇಲೆ ಒಂಬತ್ತು ಪಾಯಿಂಟ್ ಎಂಟು. ಬಾಗಿಲು ಹಾಕಿಕೊಂಡು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮಡಚಿದ ಜಮಖಾನೆಯ ಮೇಲೆ ಅದನ್ನು ಬೀಳಿಸಿದರು. ಸೊನ್ನೆ. ಕೆಟ್ಟದ್ದು ಟ್ಯಾಬ್ ಆಗಿರಲಿಲ್ಲ. ಆಫೀಸಿಗೆ ಹೋಗಿ ಹುಡುಗಿಯ ವಿಷಯ ವಿಚಾರಿಸಿದಾಗ ಗುಮಾಸ್ತ ಅಚ್ಚುತ, "ಯಶಸ್ವಿಯಾ? ಟಿಸಿ ಕೊಂಡುಹೋಗಿ ಆಯ್ತಲ್ಲ. ಪಿಯುಸಿಗೆ ಆರ್ಟ್ಸ್ ತಗೊಂಡಿದ್ದಾಳಂತೆ," ಎಂದರು.

ಆರ್ಟ್ಸ್ ತೆಗೆದುಕೊಂಡರೆ ಆಕಾಶ ಕಳಚಿ ಬೀಳುವುದಿಲ್ಲ ಎಂದು ಮಾಸ್ಟ್ರಿಗೂ ಗೊತ್ತು. ಆದರೆ ಬೀಳುವ ಟ್ಯಾಬಿನ ಒಳಗೆ ಏನಾಗುತ್ತದೆ ಎಂದು ನೋಡಲು ತಾರಸಿ ಹತ್ತಿದ ಹುಡುಗಿ ಅದು. ವಿಭಾಗ ಬದಲಾಯಿಸಲು ಇನ್ನೂ ನಾಲ್ಕು ದಿನ ಇತ್ತು. ಅವರು ಅವಳು ಸೇರಿದ ಪುತ್ತೂರಿನ ಕಾಲೇಜಿಗೆ ಹೋಗಿ ಅರ್ಜಿ ಫಾರಂ ತಂದು ಚೀಲಕ್ಕೆ ಹಾಕಿದರು. ಟ್ಯಾಬನ್ನೂ ಹಾಕಿಕೊಂಡರು.

ಪುತ್ತೂರಿನಿಂದ ಜಾಲ್ಸೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಬದಿ ಕೂತು ಮಾಸ್ಟ್ರು ಒಂದೇ ವಾಕ್ಯ ಅಭ್ಯಾಸ ಮಾಡಿದರು. 'ನನ್ನದು ತಪ್ಪಾಯ್ತು ಯಶಸ್ವಿ.' ಕುಂಬ್ರದಲ್ಲಿ ಅದು ಸುಲಭ ಅನ್ನಿಸಿತು. ಕಾವು ದಾಟುವಾಗ, ಶಿಷ್ಯೆಗೆ ಹೀಗೆ ನೇರ ಹೇಳುವುದು ಹೇಗೆ ಎಂದು ಅನ್ನಿಸಿತು. ಜಾಲ್ಸೂರಿನಲ್ಲಿ ಇಳಿಯುವಷ್ಟರಲ್ಲಿ ಇನ್ನೊಂದು ಉಪಾಯ ಹೊಳೆದಿತ್ತು: ಮಾತು ಯಾಕೆ? ಪ್ರಯೋಗ ಮಾಡಿಸಿದರಾಯ್ತು. ಸೊನ್ನೆ ಬಂದಾಗ ಅವಳಿಗೇ ಗೊತ್ತಾಗುತ್ತದೆ. ಅವಳ ಮುಖ ಅರಳುತ್ತದೆ. ಆಗ ಫಾರಂ ತೆಗೆದರಾಯ್ತು.

ತಪ್ಪು ಒಪ್ಪಿಕೊಳ್ಳುವ ಮನಸ್ಸು ಮಾಡಿ ಹೊರಟ ಮನುಷ್ಯ ದಾರಿಯಲ್ಲೇ ಅದರಿಂದ ಜಾರಿಕೊಂಡ ಬಗೆ ಇದು.

ಕುಕ್ಕಪ್ಪ ಗೌಡರು ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಮಾಸ್ಟ್ರನ್ನು ಕಂಡದ್ದೇ ವಾಲಿಕೊಂಡೇ ಎದ್ದು ನಿಂತರು. "ಅಯ್ಯೋ ಮಾಸ್ಟ್ರು! ಬನ್ನಿ ಬನ್ನಿ, ಕೂತ್ಕೊಳ್ಳಿ. ಕಮಲಾ, ಬೆಲ್ಲ ನೀರು ತಾ. ಪುಳ್ಳಿ ಯಶಸ್ವಿ ಪಕ್ಕದ ಮನೆಗೆ ಹೋಗಿದ್ದಾಳೆ, ಈಗ ಬರ್ತಾಳೆ. ನಿಮ್ಮಿಂದಾಗಿ ಅವಳಿಗೆ ತೊಂಬತ್ತೈದು ಬಂತು."

ಮಾಸ್ಟ್ರು ಬೆಲ್ಲ ನೀರು ಕುಡಿದರು. "ಗೌಡ್ರೇ, ನೀವು ಮರದಿಂದ ಬಿದ್ದದ್ದು ಹೇಗೆ? ಒಮ್ಮೆ ಹೇಳಿ, ನನಗೆ ಕೇಳ್ಬೇಕು," ಎಂದರು.

ದಿನಕ್ಕೊಮ್ಮೆ ಆ ಕತೆ ಹೇಳುತ್ತಿದ್ದ ಮುದುಕ ಎಲೆಯ ತೊಟ್ಟು ಮುರಿಯುತ್ತಾ ತಲೆ ತಗ್ಗಿಸಿದರು. "ಅದು ಈಗ ಎಂತಕ್ಕೆ? ಬಿದ್ದೆ, ಸೊಂಟ ಹೋಯ್ತು. ಅಷ್ಟೆ."

"ಅಲ್ಲ, ಬೀಳುವಾಗ ಭಾರ ಇರ್ಲಿಲ್ಲ ಅಂತ ಹೇಳ್ತಿದ್ರಂತಲ್ಲ?"

"ಅದು ಸುಳ್ಳು ಮಾಸ್ಟ್ರೇ." ಕುಕ್ಕಪ್ಪ ಗೌಡರು ಸಂಕೋಚದಿಂದ ನಕ್ಕರು. "ಸುಳ್ಳು ಅಂದ್ರೆ, ಬೇಕು ಅಂತ ಹೇಳಿದ ಸುಳ್ಳಲ್ಲ. ಹೆದರಿಕೆಯಲ್ಲಿ ಹಾಗೆ ಅನ್ನಿಸಿರ್ಬೇಕು. ನೀವು ಶಾಲೆಯಲ್ಲಿ ಹಾಗಲ್ಲ ಅಂತ ಹೇಳಿದ್ದು ಪುಳ್ಳಿ ಬಂದು ಹೇಳಿದ್ಳು. ನಾವು ಓದದವರು, ನಮಗೆ ಎಂತ ಗೊತ್ತು? ನನ್ನ ಮಾತು ಕೇಳಿ ಅವಳು ಶಾಲೆಯಲ್ಲಿ ಮರ್ಯಾದೆ ಕಳ್ಕೊಂಡ್ಳು. ಮತ್ತೆ ನಾನು ಆ ಕತೆ ತೆಗೀಲಿಲ್ಲ."

ಮಾಸ್ಟ್ರು ಲೋಟ ಕೆಳಗಿಟ್ಟರು. ಒಬ್ಬ ಮನುಷ್ಯ ಮರದ ತುದಿಯಿಂದ ನೆಲದವರೆಗೆ ತನ್ನ ಮೈಯಲ್ಲಿ ಪಡೆದ ಅನುಭವ. ಅದರ ಬೆಲೆ ಒಂದು ಸೊಂಟ. ಅದನ್ನು ಅವರು ತರಗತಿಯಲ್ಲಿ ಒಂದು ನಗುವಿನಿಂದ ಕಿತ್ತುಕೊಂಡಿದ್ದರು, ಈ ಅಂಗಳಕ್ಕೆ ಕಾಲಿಡದೆಯೇ. ಈಗಲಾದರೂ ಬಾಯಿ ಬಿಡಬೇಕಿತ್ತು. ಅಷ್ಟರಲ್ಲಿ ಯಶಸ್ವಿ ಬಂದಳು. ಉದ್ದವಾಗಿದ್ದಳು. ಮಾಸ್ಟ್ರನ್ನು ಕಂಡು ಚಪ್ಪಲಿ ಬಿಟ್ಟು, ಕೈ ಕಟ್ಟಿ ನಿಂತಳು.

"ಆರ್ಟ್ಸ್ ತಗೊಂಡಿದ್ದೀಯಂತೆ?"

"ಹೌದು ಸರ್."

"ಸೈನ್ಸ್ ಯಾಕೆ ಬೇಡ? ನಿನಗೆ ಒಳ್ಳೆ ತಲೆ ಉಂಟಲ್ಲ."

"ಸೈನ್ಸಿಗೆ ತುಂಬ ಬಾಯಿಪಾಠ ಮಾಡ್ಬೇಕಲ್ಲ ಸರ್. ನನಗೆ ಅಷ್ಟು ನೆನಪು ಇರುದಿಲ್ಲ. ಹತ್ತನೇಲಿ ಕಷ್ಟ ಆಯ್ತು." ಅವಳ ದನಿಯಲ್ಲಿ ದೂರು ಇರಲಿಲ್ಲ. ಇವತ್ತು ಬಸ್ಸು ತಡ ಎನ್ನುವ ಹಾಗೆ ಹೇಳಿದಳು.

ವಿಜ್ಞಾನ ಎಂದರೆ ಬಾಯಿಪಾಠ. ಇಪ್ಪತ್ತೊಂಬತ್ತು ವರ್ಷದ ಸರ್ವಿಸಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೆ? ಮಾಸ್ಟ್ರು ಗಡಿಬಿಡಿಯಿಂದ ಚೀಲ ಬಿಚ್ಚಿ ಟ್ಯಾಬ್ ತೆಗೆದರು. ಚೀಟಿ ಕಿತ್ತ ಜಾಗದಲ್ಲಿ ಅಂಟು ಇನ್ನೂ ಇತ್ತು. "ನೋಡು, ಅದೇ ಟ್ಯಾಬ್. ಇವತ್ತು ನಾನು ಹಾಕ್ತೇನೆ. ಕಂಬಳಿ ಉಂಟಾ?"

ಕಮಲಾವತಿ ಒಮ್ಮೆ ಮಗಳ ಮುಖ, ಒಮ್ಮೆ ಮಾವನ ಮುಖ ನೋಡಿದರು. ಮಾಸ್ಟ್ರು ಹೇಳಿದ ಮೇಲೆ ಇಲ್ಲ ಎನ್ನುವುದು ಹೇಗೆ? ಕಂಬಳಿ ಬಂತು. ಐವತ್ತೆಂಟು ವರ್ಷದ ಮಹೇಶ್ವರ ಮಾಸ್ಟ್ರು ಪಂಚೆ ಎತ್ತಿ ಕಟ್ಟಿ ತಾರಸಿ ಹತ್ತಿದರು. ಕೆಳಗೆ ಅಜ್ಜ ಮತ್ತು ಸೊಸೆ ಕಂಬಳಿ ಹಿಡಿದರು. ಹುಡುಗಿ ಪಕ್ಕದಲ್ಲಿ ನಿಂತಳು. ಮೇಲಿನಿಂದ ನೋಡುವಾಗ ಮಾಸ್ಟ್ರಿಗೆ ಅವಳ ನಡುಬೈತಲೆ ಮಾತ್ರ ಕಂಡಿತು, ಮುಖ ಕಾಣಲಿಲ್ಲ. ಕೈಬಿಟ್ಟರು.

ಟ್ಯಾಬ್ ಕಂಬಳಿಯ ನಡುವಿಗೇ ಬಿತ್ತು. ಮಾಸ್ಟ್ರು ಏದುಸಿರು ಬಿಡುತ್ತಾ ಇಳಿದು ಬಂದು ಪರದೆಯನ್ನು ಕುಕ್ಕಪ್ಪ ಗೌಡರ ಕಣ್ಣಿನ ಹತ್ತಿರ ಹಿಡಿದರು. "ಇಲ್ಲಿ ನೋಡಿ ಗೌಡ್ರೇ. ಇದು ನನ್ನ ಕೈಯಲ್ಲಿದ್ದಾಗ. ಇದು ಕಂಬಳಿಗೆ ತಾಗಿದಾಗ. ಇದರ ನಡುವೆ ಉಂಟಲ್ಲ, ಚಪ್ಪಟೆ ಗೆರೆ, ಅದು ಬೀಳುವಾಗಿನದ್ದು. ಸೊನ್ನೆ. ಭಾರ ಇಲ್ಲ."

ಮುದುಕ ಬೆರಳಿನಿಂದ ಆ ಗೆರೆಯನ್ನು ಸವರಿದರು. "ಹಾಗಾದ್ರೆ ನಾನು ಹೇಳಿದ್ದು..."

"ಸರಿಯೇ ಇತ್ತು."

ಕುಕ್ಕಪ್ಪ ಗೌಡರ ಮುಖ ಬೆಳಗಿತು. ಅವರು ಸೊಸೆಯ ಕಡೆ ತಿರುಗಿ ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಏನೋ ಜೋರಾಗಿ ಹೇಳಿದರು. ಕಮಲಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಮಾಸ್ಟ್ರಿಗೆ ಎದೆಯ ಮೇಲಿನ ಕಲ್ಲು ಅರ್ಧ ಇಳಿದಂತಾಯಿತು. ಉಳಿದರ್ಧಕ್ಕಾಗಿ ಹುಡುಗಿಯ ಕಡೆ ತಿರುಗಿದರು.

"ಯಶಸ್ವಿ, ಆ ಹಳೇ ರೆಕಾರ್ಡ್ ಪುಸ್ತಕ ಉಂಟಾ?"

"ಇಲ್ಲ ಸರ್. ಗುಜರಿಗೆ ಹಾಕಿ ಆಯ್ತು."

ಮಾಸ್ಟ್ರು ಚೀಲದಿಂದ ಒಂದು ಬಿಳಿ ಹಾಳೆ ತೆಗೆದು ಕೊಟ್ಟರು. "ಇದರಲ್ಲಿ ಬರೆ. ಈಗ ನೋಡಿದ್ದನ್ನು."

ಅವಳು ಒಳಗೆ ಹೋಗಿ ಪೆನ್ನು, ಸ್ಕೇಲು ತಂದಳು. ಜಗಲಿಯಲ್ಲಿ ಕೂತು ಹಾಳೆಗೆ ಮಾರ್ಜಿನ್ ಎಳೆದಳು. ಎರಡು ಕಾಲಂ ಹಾಕಿದಳು. ಟ್ಯಾಬ್ ಅವಳ ಮೊಣಕಾಲಿನ ಪಕ್ಕದಲ್ಲೇ ಇತ್ತು, ಪರದೆಯ ಮೇಲೆ ಆ ಗೆರೆ ಇನ್ನೂ ಇತ್ತು. ಅವಳು ಅದನ್ನು ಒಮ್ಮೆ ನೋಡಿದಳು. ಆಮೇಲೆ, ದುಂಡಗಿನ ಅಕ್ಷರದಲ್ಲಿ, ಎಲ್ಲೂ ತಡೆಯದೆ ಬರೆದಳು. ಮೇಜಿನ ಮೇಲೆ: 0. ಬೀಳುವಾಗ: 9.8. ಕೆಳಗೆ 'ತೀರ್ಮಾನ' ಎಂದು ಬರೆದು, ಅಡಿಗೆರೆ ಎಳೆದು, ಪೆನ್ನು ಎತ್ತಿ ಹಿಡಿದು ಮಾಸ್ಟ್ರ ಮುಖ ನೋಡಿದಳು.

"ತೀರ್ಮಾನ ಹೇಳಿ ಸರ್. ಬರ್ಕೊಳ್ತೇನೆ."

ಮಾಸ್ಟ್ರು ಅವಳ ಮುಖದಲ್ಲಿ ಕೊಂಕು ಹುಡುಕಿದರು. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಮಾಸ್ಟ್ರನ್ನು ಚುಚ್ಚಲಿಕ್ಕೆ ಹೀಗೆ ಬರೆದಿದ್ದರೆ ಅವರು ಅವಳ ಕಾಲಿಗೆ ಬೇಕಾದರೂ ಬೀಳುತ್ತಿದ್ದರು. ಅಂಥದ್ದೇನೂ ಇರಲಿಲ್ಲ. ಬಲು ವಿಧೇಯ ಮುಖ. ಇಂಥ ಮುಖ ಇರಬೇಕೆಂದೇ ಅವರು ಇಪ್ಪತ್ತೊಂಬತ್ತು ವರ್ಷ ಮಕ್ಕಳಿಗೆ ಹೇಳುತ್ತಾ ಬಂದದ್ದು.

"ಯಶಸ್ವಿ," ಎಂದರು. "ಅವತ್ತು ನನ್ನದು ತಪ್ಪಾಯ್ತು. ನೀನು ಬರೆದದ್ದು ಸರಿ ಇತ್ತು. ಅಜ್ಜ ಹೇಳಿದ್ದೂ ಸರಿ ಇತ್ತು. ನನಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂತ ಹೇಳುವ ಧೈರ್ಯವೂ ಇರ್ಲಿಲ್ಲ. ನಿನ್ನನ್ನು ಎಲ್ಲರ ಎದುರು ನಗಾಡಿದೆ. ದೊಡ್ಡ ತಪ್ಪಾಯ್ತು."

ಬಸ್ಸಿನಲ್ಲಿ ಅಭ್ಯಾಸ ಮಾಡಿದ್ದಕ್ಕಿಂತ ಉದ್ದವಾಗಿಯೇ ಬಂತು. ಅಂಗಳದಲ್ಲಿ ಕಮಲಾವತಿ ಕಂಬಳಿ ಮಡಚುವುದನ್ನು ನಿಲ್ಲಿಸಿದರು. ಯಶಸ್ವಿ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಪರವಾಗಿಲ್ಲ ಸರ್," ಎಂದಳು. ಎರಡು ವರ್ಷದ ಹಿಂದಿನದೇ ದನಿ. ಆಮೇಲೆ ಸ್ಕೇಲಿಟ್ಟು ಎರಡೂ ಸಂಖ್ಯೆಗಳ ಮೇಲೆ ಒಂದೊಂದು ಚೊಕ್ಕ ಗೆರೆ ಎಳೆದು, ಪೆನ್ನು ಹಿಡಿದು ಕೇಳಿದಳು. "ಹಾಗಾದ್ರೆ ಇನ್ನು ಬೀಳುವಾಗ ಸೊನ್ನೆ ಅಂತ ಬರ್ಕೊಳ್ಬೇಕಾ ಸರ್?"

ಹೌದು ಎಂದರೆ ಅದನ್ನೂ ಅವಳು ಬಾಯಿಪಾಠ ಮಾಡುತ್ತಾಳೆ, ಅಲ್ಲ ಎಂದರೆ ಸುಳ್ಳಾಗುತ್ತದೆ. ಫಾರಂ ಚೀಲದಲ್ಲೇ ಉಳಿಯಿತು. ಅವಳು ಇನ್ನೂ ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದಳು. ಕುಕ್ಕಪ್ಪ ಗೌಡರು ಎಲೆ ಅಡಿಕೆ ಬಾಯಿಗೆ ಹಾಕಿ, ಮಾಸ್ಟ್ರ ಪಕ್ಕದಲ್ಲಿ ಒತ್ತಿ ಕೂತು, ಎರಡು ವರ್ಷ ಕಟ್ಟಿಟ್ಟಿದ್ದ ಕತೆ ಶುರು ಮಾಡಿದರು. "ಕೇಳಿ ಮಾಸ್ಟ್ರೇ, ಹೆಗಲಲ್ಲಿ ತುಂಬಿದ ಕೊನೆ ಇತ್ತು..."